ಬಕೀಟಿಗೆ ಹೇಳಿದ ಮಾತು

ಮಾವನವರೇ,

ಇಷ್ಟು ಬರೆದು ಒಂದು ಗಳಿಗೆ ಪೆನ್ನು ಕೆಳಗಿಟ್ಟೆ. ಎಂಟು ವರ್ಷ ಒಂದೇ ಸೂರಿನ ಕೆಳಗೆ ಇದ್ದರೂ ನಿಮ್ಮನ್ನು ಹೀಗೆ ಕರೆದವಳಲ್ಲ ನಾನು. ಈಗ ಕರೆಯಬಹುದೇನು? ಕೆಮ್ಮಿ, ಚಪ್ಪಲಿ ಸಪ್ಪಳ ಮಾಡಿ, ಮುಖ ಅತ್ತ ತಿರುಗಿಸಿ ಹೋಗಿಬಿಡುವುದಿಲ್ಲ ತಾನೇ? ಮಧ್ಯಾಹ್ನ ಮೂರಾಗಿರಬೇಕು. ಪಡಸಾಲೆಯ ಫರ್ಸಿ ಕಲ್ಲಿನ ತಂಪಿಗೆ ಕಾಲು ಚಾಚಿ ಕೂತಿದ್ದೇನೆ. ಹೊರಗೆ ದೇವದುರ್ಗದ ಬಿಸಿಲು ಬೀದಿಯಲ್ಲಿ ಒಂದು ನಾಯಿಯನ್ನೂ ಉಳಿಸಿಲ್ಲ. ಇವತ್ತು ಕರೆಂಟಿಲ್ಲ, ನಿಮ್ಮ ಗಿರಣಿಯೂ ಬಂದ್. ನೀವಿದ್ದಾಗ ಡೀಸೆಲ್ ಇಂಜಿನ್ನು ಕರೆಂಟಿಗೆ ಕಾಯುತ್ತಿರಲಿಲ್ಲ. ಊರೆಲ್ಲ ಮಲಗಿದ್ದರೂ ಅದರ ಸದ್ದು ಒಂದೇ ಸಮ ಕೇಳುತ್ತಿತ್ತು. ಆ ಸದ್ದಿಲ್ಲದೆ ಈ ಹೊತ್ತಿನಲ್ಲಿ ಯಾವ ವರ್ಷದಲ್ಲಿದ್ದೇನೆ ಅನ್ನುವುದೇ ತಿಳಿಯುವುದಿಲ್ಲ.

ಮೊನ್ನೆ ಊಟವಾದ ಮೇಲೆ ಕಣ್ಣಿಗೆ ಜೊಂಪು ಹತ್ತಿದಾಗ ನೀವು ಬಂದಿದ್ದಿರಿ. ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು ಎಲ್ಲ ಜೋಳದ ಹಿಟ್ಟಿನಿಂದ ಬೆಳ್ಳಗೆ. ಹಿತ್ತಲ ಬಾಗಿಲಲ್ಲಿ ನಿಂತು ನನ್ನನ್ನು ಏನೋ ಕೇಳುತ್ತಿದ್ದಿರಿ, ಇಂಜಿನ್ನಿನ ಸದ್ದಿಗೆ ಮಾತು ಕಿವಿಗೆ ಬೀಳಲಿಲ್ಲ. ಆದರೂ ಉತ್ತರ ಏನೆಂದು ನನಗೆ ಗೊತ್ತಿತ್ತು. ಹೇಳಬೇಕೆಂದು ಬಾಯಿ ತೆರೆದರೆ ತಲೆಯ ಮೇಲೆ ಸೆರಗಿಲ್ಲ! ಸೆರಗು ಹುಡುಕುತ್ತ ಮನೆಯೆಲ್ಲ ತಿರುಗಿದೆ. ಹುಡುಕಿ ಬರುವಷ್ಟರಲ್ಲಿ ಬಾಗಿಲಲ್ಲಿ ನೀವಿರಲಿಲ್ಲ, ಹಿಟ್ಟಿನ ಹೆಜ್ಜೆ ಮಾತ್ರ ಇತ್ತು. ಎಚ್ಚರಾದಾಗ ನನ್ನ ಮೇಲೇ ನನಗೆ ಸಿಟ್ಟು ಬಂತು. ಕನಸಿನಲ್ಲೂ ಸೆರಗು ಹುಡುಕಬೇಕೇ?

ಮದುವೆಯಾಗಿ ರಾಯಚೂರಿನಿಂದ ಇಲ್ಲಿಗೆ ಬಂದ ದಿನ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಮೊದಲು ಹೇಳಿದ್ದೇ ಇದು: "ನೋಡವ್ವಾ, ನಮ್ಮ ಮನ್ಯಾಗ ಸೊಸ್ತೇರು ಮಾವನ ಎದುರು ನಿಂದ್ರಂಗಿಲ್ಲ, ಮಾತಾಡಂಗಿಲ್ಲ. ಏನರ ಹೇಳೂದಿದ್ರ ನನಗ ಹೇಳು. ನಾ ಇಲ್ಲಂದ್ರ ಕಂಬಕ್ಕ ಹೇಳು, ಅವರು ಕೇಳಿಸ್ಕೋತಾರ." ನನಗೆ ನಗು ತಡೆಯಲಾಗಲಿಲ್ಲ. ಎಂಟು ದಿನದಲ್ಲಿ ರೂಢಿಯಾಯಿತು. ತಟ್ಟೆಗೆ ರೊಟ್ಟಿ ಹಾಕಿ, "ಕಂಬಾ, ಊಟಕ್ಕ ಆಗೇದಂತ" ಅನ್ನುತ್ತಿದ್ದೆ. ನೀವು ಉಂಡು ಕೈ ತೊಳೆಯುತ್ತ ಬೆಕ್ಕಿನ ಕಡೆ ತಿರುಗಿ, "ಇವತ್ತ ಪುಂಡಿಪಲ್ಯಾ ಚಲೋ ಆಗಿತ್ತಲೇ" ಅನ್ನುತ್ತಿದ್ದಿರಿ. ಆ ಬೆಕ್ಕು ಸತ್ತ ಮೇಲೆ ಹದಿನೈದು ದಿನ ನನ್ನ ಅಡುಗೆ ಹೇಗಾಗಿದೆಯೆಂದು ನನಗೆ ತಿಳಿಯಲೇ ಇಲ್ಲ. ನಿಮಗೆ ಇನ್ನೊಂದು ಬೆಕ್ಕು ಸಿಗುವ ತನಕ…

ಗಿರಣಿಯ ಮೆಟ್ಟಿಲ ಮೇಲೆ ಚೆಲ್ಲಿದ ಹಿಟ್ಟಿನಲ್ಲಿ ಅತ್ತೆ ಜಾರಿ ಬಿದ್ದದ್ದು ನಾನು ಬಂದ ನಾಲ್ಕನೆಯ ವರ್ಷ, ದೀಪಾವಳಿಯ ಮುಂಚೆ. ಮೊಣಕಾಲಿನ ಚಿಪ್ಪು ಒಡೆದಿತ್ತು. ರಾಯಚೂರಿನ ಡಾಕ್ಟರು ಪಟ್ಟಿ ಬಿಚ್ಚುವಾಗ, ಇನ್ನು ಮೇಲೆ ಈ ಅಮ್ಮ ಕುಕ್ಕರಗಾಲಲ್ಲಿ ಕೂಡುವಂತಿಲ್ಲ ಅಂದರು. ಹಾಗಾದರೆ ಬಯಲಿಗೆ ಹೋಗುವುದು ಹೇಗೆ? ಆಗ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಸಂಡಾಸವಿತ್ತು ಹೇಳಿ? ಅತ್ತೆ ತಲೆ ತಗ್ಗಿಸಿ ಕೂತರು. ನೀವು ಎದ್ದು ರಾಯಚೂರಿನ ಪೇಟೆಗೆ ಹೋದಿರಿ. ಸಂಜೆ ಬಸ್ಸಿನ ಮೇಲೆ, ಕೌದಿಯಲ್ಲಿ ಸುತ್ತಿ, ಬಿಳಿಯ ಕಮೋಡೊಂದನ್ನು ತಂದಿರಿ. ಕಂಡಕ್ಟರ್ ಏನ್ರಿ ಇದು ಅಂದರೆ ಕುರ್ಚಿ ಅಂದಿರಂತೆ. ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ನಾಲ್ಕು ಜನ ಹಗೂರಕ್ಕೆ ಇಳಿಸುವಾಗ, ಯಾವ ಊರಿನ ದೇವರೋ ಎಂದು ಮುದುಕಿಯೊಬ್ಬಳು ಕೈಮುಗಿದಳಂತೆ. ಈ ಮಾತನ್ನು ನೀವು ಬೆಕ್ಕಿಗೆ ಹೇಳುವಾಗ ಅಡುಗೆಮನೆಯಲ್ಲಿ ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದೆ.

ಮಾನ್ವಿಯಿಂದ ಗೌಂಡಿಯನ್ನು ಕರೆಸಿದ ದಿನ ನೆನಪಾಗುತ್ತಿದೆ. ಯಾವುದೋ ಬಂಗಲೆಯಲ್ಲಿ ಇಂಥದ್ದನ್ನು ಕೂರಿಸಿದ ಅನುಭವವಿತ್ತಂತೆ ಅವನಿಗೆ. ಹಿತ್ತಲಲ್ಲಿ ಗುಂಡಿ ತೋಡಿ, ಸಣ್ಣ ಕೋಣೆ ಕಟ್ಟಿ, ಪೈಪು ಎಳೆದು, ಕಮೋಡಿನ ಬಾಯಿಯನ್ನು ಪೈಪಿನೊಳಗಿಟ್ಟು ಸುತ್ತಲೂ ಸಿಮೆಂಟು ಜಡಿದು ತುಂಬಿದ. "ಇನ್ನ ಇದು ಜಲ್ಮಕ್ಕ ಅಳ್ಳಾಡಂಗಿಲ್ಲ ನೋಡ್ರಿ" ಅಂದ. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ ಅದನ್ನು ನೋಡಿದೆ. ಅಳ್ಳಾಡದಂತೆ ಮಾಡಿದ್ದೇ ತಪ್ಪೆಂದು ನನಗೆ ಆಗಲೇ ಗೊತ್ತಾಯಿತು. ನಮ್ಮಪ್ಪ ರಾಯಚೂರಿನಲ್ಲಿ ಪೈಪಿನ ಕೆಲಸ ಮಾಡುವವನಲ್ಲವೇ? ಸಣಬಿನ ಎಳೆಗೆ ಸಫೇದಾ, ಅಂದರೆ ಆ ಬಿಳಿಯ ಮೆತ್ತನೆಯ ಬಣ್ಣದ ಮುದ್ದೆ, ಸವರಿ ಕೀಲುಗಳಿಗೆ ತುಂಬುವುದನ್ನು ನೋಡುತ್ತಲೇ ಬೆಳೆದವಳು ನಾನು. ನಮ್ಮವ್ವನ ಹಿತ್ತಾಳೆ ಬೋಗುಣಿಗಳ ಅಂಚಿಗೆಲ್ಲ ಸಫೇದಾ ಮೆತ್ತಿರುತ್ತಿತ್ತು.

ಚಳಿಗಾಲ ಕಳೆಯಿತು. ಯುಗಾದಿಯ ಹೋಳಿಗೆ ಉಂಡ ಮರುದಿನವೇ ಇರಬೇಕು, ಅತ್ತೆ ಗೋಡೆ ಹಿಡಿದು ಸಂಡಾಸದಿಂದ ಹೊರಬಂದವರು ತಮ್ಮ ಪಾದ ನೋಡಿಕೊಂಡು ನಿಂತುಬಿಟ್ಟರು. ಒದ್ದೆ. ಕಮೋಡಿನ ಬುಡದಿಂದ ನೀರು ಒಸರಿ ಫರ್ಸಿಯ ಮೇಲೆ ಹರಡಿತ್ತು. ಅಡಿಯ ಎರೆಮಣ್ಣು ಬಿಸಿಲಿಗೆ ಬಿರಿದಿತ್ತು, ಸಿಮೆಂಟೂ ಒಡೆದಿತ್ತು. "ಆ ನೀರಾಗ ಕಾಲಿಟ್ಟು ನಾ ದೇವರ ಜಗಲಿಗಿ ಹ್ಯಾಂಗ ಹೋಗಲಿ?" ಅಂದರು ಅತ್ತೆ. ಅಷ್ಟೇ. ಅದನ್ನು ನಿಮಗೆ ಹೇಳಲಿಲ್ಲ, ಜಗಳ ಮಾಡಲಿಲ್ಲ. ನೀರು ಕುಡಿಯುವುದನ್ನು ಬಿಟ್ಟರು. ಕುಡಿದರೆ ತಾನೇ ಹೋಗಬೇಕು? ರಾಯಚೂರು ಸೀಮೆಯ ಬೇಸಿಗೆ, ಮಡಕೆಯ ನೀರೂ ಬೆಚ್ಚಗಾಗುವ ಬಿಸಿಲು. ದಿನಕ್ಕೆ ಒಂದು ಲೋಟ. ಉಂಡದ್ದು ಗಂಟಲಲ್ಲಿ ಇಳಿಯುವಷ್ಟು.

ನೀವು ಸಿಮೆಂಟು ಕಲಸಿಕೊಂಡು ಬುಡದ ಸುತ್ತ ಹಚ್ಚಿದ ಮೊದಲ ಸಲ ಗೆಲುವಾಗಿದ್ದಿರಿ. ಊರಿನ ಯಾವ ಯಂತ್ರ ಕೆಟ್ಟರೂ ಕರೆ ಬರುತ್ತಿದ್ದದ್ದು ನಿಮಗೇ. ಎರಡು ದಿನದಲ್ಲಿ ಸೋರಿತು. ಆಮೇಲೆ ರಸ್ತೆ ಕೆಲಸದವರಿಂದ ಡಾಂಬರು ತಂದು ಕಾಯಿಸಿ ಸುರಿದಿರಿ. ನಾಲ್ಕು ದಿನ ಮನೆಯೆಲ್ಲ ಡಾಂಬರಿನ ವಾಸನೆ, ಐದನೆಯ ದಿನ ನೀರು. ಹಳೆಯ ಗುಡಿಗಳ ಗಾರೆ ಹೀಗೇ ಇರುತ್ತಿತ್ತೆಂದು ಯಾರೋ ಹೇಳಿದ್ದಕ್ಕೆ ಸುಣ್ಣಕ್ಕೆ ಬೆಲ್ಲ ಕಲಸಿ ಹಚ್ಚಿದಿರಿ. ಆಗ ಬಂದ ಇರುವೆಗಳನ್ನು ಮರೆಯಲಾದೀತೇ? ಕಮೋಡಿನ ಸುತ್ತ ಜಾತ್ರೆ ನೆರೆದಂತೆ ನೆರೆದಿದ್ದವು. ಗಿರಣಿಯಲ್ಲಿ ಸರದಿಗೆ ನಿಂತ ಜನ, "ಅಣ್ಣಾರ, ನಿಮ್ಮ ಸಿಂಹಾಸನ ಹ್ಯಾಂಗದರಿ?" ಎಂದು ಕೇಳತೊಡಗಿದರು. ಮೊದಮೊದಲು ನಕ್ಕಿರಿ. ಆಮೇಲೆ ನಗಲಿಲ್ಲ. ಬೆಕ್ಕಿಗೂ ಏನೂ ಹೇಳಲಿಲ್ಲ.

ಮಾನ್ವಿಯ ಗೌಂಡಿ ಎರಡನೆಯ ಸಲ ಬಂದು ಬಾಗಿಲಲ್ಲೇ ನಿಂತ. "ಹೊಸಾದು ಹಚ್ಚಾಕ ಬರ್ತೀನ್ರಿ. ಬಳಸಿದ್ದು ಎತ್ತಾಕ ನಾ ಕೈ ಹಚ್ಚಂಗಿಲ್ಲ, ಅದಕ್ಕ ಬ್ಯಾರೆ ಮಂದಿ ಅದಾರ" ಎಂದು ಚಹಾ ಕುಡಿದು ಹೋದ. ಬೇರೆ ಮಂದಿ ಯಾರೆಂದು ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನೀವು ಅವರನ್ನು ಕರೆಯಲಿಲ್ಲ. ಯಾಕೆಂದು ಆಗ ನನಗೆ ಅರ್ಥವಾಗಲಿಲ್ಲ.

ಒಂದು ಶನಿವಾರ ನಿಮ್ಮ ಹಿರಿಯ ಮಗ ತಾವು ಪಾಠ ಹೇಳುವ ಸಿರವಾರದ ಶಾಲೆಯಿಂದ ಬಂದರು. ವಾರಕ್ಕೊಮ್ಮೆ ಬರುವವರಿಗೆ ಬಂದ ಕೂಡಲೇ ಸಂಡಾಸದ ಮಾತೇ? ಆದರೂ ಹೇಳಿದೆ. "ಮಾವನೋರಿಗಿ ಹೇಳ್ರಿ. ಮ್ಯಾಲ ಹಚ್ಚಿದ್ರ ಆಗಂಗಿಲ್ಲ. ಅದನ್ನ ಎತ್ತಬೇಕು, ಕೀಲಿಗಿ ಸಣಬು ತುಂಬಬೇಕು." ಅವರು ಅಂಗಿಯ ಗುಂಡಿ ಬಿಚ್ಚುತ್ತ, "ನಾ ಅಪ್ಪಗ ಇಂಜಿನ್ನಿನ ಕೆಲಸಾ ಹೇಳಿಕೊಡ್ಲೇನು? ಹೆಂಡ್ತಿ ಕಲಿಸಿ ಕಳಿಸ್ಯಾಳಂತಾನ" ಅಂದರು. ನಾನು ಎರಡು ಸಲ ಹೇಳಿದೆ, ದನಿಯೂ ಸ್ವಲ್ಪ ಏರಿತು. ಸೋಮವಾರ ಬೆಳಿಗ್ಗೆ ಅವರು ಬಸ್ಸು ಹತ್ತಿದರು. ಮಾತು ನನ್ನಲ್ಲೇ ಉಳಿಯಿತು.

ಕಾರಹುಣ್ಣಿಮೆಗೆ ಇನ್ನು ನಾಲ್ಕು ದಿನವಿತ್ತು. ಎತ್ತುಗಳಿಗೆ ಬಣ್ಣ ತರಲು ಜನ ಪೇಟೆಗೆ ಹೊರಟಿದ್ದರು. ಅತ್ತೆ ರೊಟ್ಟಿ ತಟ್ಟುತ್ತಿದ್ದವರು ಹಿಟ್ಟಿನ ಮೇಲೇ ವಾಲಿದರು. ಮೈ ಕೆಂಡವಾಗಿತ್ತು, ತುಟಿ ಒಡೆದು ರಕ್ತ ಬಂದಿತ್ತು. ನೀವು ಡಾಕ್ಟರನ್ನು ಕರೆತಂದಿರಿ. ಅವರು ಅತ್ತೆಯ ಕಣ್ಣು ನೋಡಿದರು, ಚರ್ಮ ಹಿಡಿದು ಎಳೆದು ನೋಡಿದರು. "ನೀರು ಯಾಕ ಕುಡಿಯೂದಿಲ್ಲರಿ ಇವರು? ಉರಿಮೂತ್ರ ಆಗೇದ, ಒಳಗ ನಂಜಾಗೇದ. ಔಷಧಾ ಕೊಡ್ತೀನಿ, ಆದರ ದಿನಾ ಒಂದು ಕೊಡಾ ನೀರು ಹೋಗಬೇಕು. ಇಲ್ಲಂದ್ರ ಮೂತ್ರಪಿಂಡ ಉಳಿಯಂಗಿಲ್ಲ, ಇವರೂ ಉಳಿಯಂಗಿಲ್ಲ." ನಾನು ಬಾಗಿಲ ಮರೆಯಲ್ಲಿದ್ದೆ. ನೀವು ಅತ್ತೆಯನ್ನು ನೋಡಿದಿರಿ. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಡಾಕ್ಟರು ಹೋದ ಮೇಲೆ ನಾನು ಚಮಚದಲ್ಲಿ ನೀರು ಹಿಡಿದರೆ ಹಲ್ಲು ಕಚ್ಚಿಕೊಂಡರು. "ಬ್ಯಾಡವ್ವಾ, ಮತ್ತ ಅಲ್ಲಿಗಿ ಹೋಗಬೇಕಾಗ್ತದ."

ಮರುದಿನ ಹನ್ನೊಂದು ಗಂಟೆಯ ಬಿಸಿಲು ಹಿತ್ತಲಿಗೆ ಬಿದ್ದಿತ್ತು. ನೀವು ಆ ಕೋಣೆಯಲ್ಲಿ ನೆಲಕ್ಕೆ ಕೂತು, ಮತ್ತೆ ಸಿಮೆಂಟು ಕಲಸಿಟ್ಟುಕೊಂಡು, ಸುತ್ತಿಗೆಯಿಂದ ಹಳೆಯ ಗಾರೆ ಕೆರೆಯುತ್ತಿದ್ದಿರಿ. ನಾನು ನೀರು ತುಂಬಿದ ಬಕೀಟು ತಂದು ಬಾಗಿಲಲ್ಲಿಟ್ಟೆ. ಇಟ್ಟು ಹಿಂದಿರುಗಬೇಕಿತ್ತು, ಕಾಲು ಏಳಲಿಲ್ಲ. ನಿಮಗೆ ಬೆನ್ನು ಮಾಡಿ, ಸೆರಗು ಕಣ್ಣ ತನಕ ಎಳೆದುಕೊಂಡು ನಿಂತೆ. ಹಿತ್ತಲಲ್ಲಿ ಕಂಬ ಎಲ್ಲಿಂದ ಬರಬೇಕು?

"ಬಕೀಟೇ," ಅಂದೆ. "ಮ್ಯಾಲ ಎಷ್ಟ ಸಿಮೆಂಟ್ ಹಚ್ಚಿದ್ರೂ ಅದು ನಿಂದ್ರಂಗಿಲ್ಲ."

ಸುತ್ತಿಗೆಯ ಸದ್ದು ನಿಂತಿತು. ನೀವು ಎದ್ದು ಬೈಯುತ್ತೀರಿ ಅಂದುಕೊಂಡೆ. ನಿಮ್ಮ ದನಿ ಬಂತು.

"ಬಕೀಟು ಏನಂತದ?"

"ಸೋರೂದು ಬುಡದಾಗಲ್ಲ ಅಂತದ. ಒಳಗ, ಕಮೋಡು ಪೈಪಿನಾಗ ಕುಂತಲ್ಲಿ ಸಂದು ಬಿಟ್ಟದ. ಅಲ್ಲಿಂದ ಬುಡಕ್ಕ ಬರಾಕತ್ತದ. ಎತ್ತಿ ನೋಡಬೇಕಂತದ."

"ಗೌಂಡಿ ಬಿಗಿ ಮಾಡ್ಯಾನಲ್ಲ."

"ಅದ ತಪ್ಪಂತದ. ನಮ್ಮದು ಎರಿ ನೆಲಾ. ಬ್ಯಾಸಿಗಿಗಿ ಬಿರಿತದ, ಮಳಿಗಾಲಕ್ಕ ಉಬ್ಬತದ. ನೆಲಾ ಅಳ್ಳಾಡಿದ್ರ ಸಿಮೆಂಟ್ ಒಡೀತದ. ಸಣಬಿಗಿ ಸಫೇದಾ ಹಚ್ಚಿ ತುಂಬಿದ್ರ ಅದೂ ಜೋಡೀಲೆ ಅಳ್ಳಾಡ್ತದ, ಸಂದು ಬಿಡಂಗಿಲ್ಲ."

ನೀವು ಸುತ್ತಿಗೆ ಕೆಳಗಿಟ್ಟದ್ದು ಕೇಳಿಸಿತು. "ಇಂಜಿನ್ನಿನ ನೀರಿನ ಪಂಪಿಗಿ ಗ್ರೀಸ್ ಹಚ್ಚಿ ದಾರಾ ಸುತ್ತಿದಂಗ" ಅಂದಿರಿ, ನಿಮಗೆ ನೀವೇ ಎಂಬಂತೆ.

"ಹೌದಂತದ."

"ಇಷ್ಟು ದಿನಾ ಈ ಬಕೀಟು ಎಲ್ಲಿತ್ತು?"

"ಇವತ್ತ ಹೊಳದದಂತ" ಅಂದೆ. ನೀವು ನಕ್ಕಿರಿ. ಎಷ್ಟು ದಿನದ ಮೇಲೆ ಕೇಳಿದ ನಗು ಅದು! ಆಮೇಲೆ ಉಳಿಯ ಮೊದಲ ಪೆಟ್ಟು ಬಿತ್ತು. ಒಂದು ತಾಸು ಸಿಮೆಂಟು ಚೂರುಚೂರಾಗಿ ಹಾರಿತು. ಮುಗಿಸಿ ನೀವು ಕಮೋಡಿನ ಅಂಚು ಹಿಡಿದು ಅಲ್ಲಾಡಿಸಿ ನೋಡಿದಿರಿ. ಅದು ಒಬ್ಬರ ಕೈಯಲ್ಲಿ ಏಳುವ ವಸ್ತುವಲ್ಲ. ನಿಮ್ಮ ಮಗ ಸಿರವಾರದಲ್ಲಿ, ಮೈದುನ ಹಾಸ್ಟೆಲಿನಲ್ಲಿ. ಗಿರಣಿಯ ಆಳನ್ನು ಕರೆಯಬಹುದಿತ್ತು, ಕರೆಯಲಿಲ್ಲ. "ನಮ್ಮದು ನಾವ ಎತ್ತಬೇಕು, ಇನ್ನೊಬ್ಬರ ಕೈಲೆ ಎತ್ತಸಬಾರ್ದು" ಅಂದಿರಿ. ಗೌಂಡಿ ಹೇಳಿದ ಆ ಬೇರೆ ಮಂದಿಯನ್ನು ನೀವು ಯಾಕೆ ಕರೆಯಲಿಲ್ಲವೆಂದು ಆಗ ತಿಳಿಯಿತು. ಆಮೇಲೆ ತೀರ ಮೆಲ್ಲಗೆ ಕೇಳಿದಿರಿ.

"ಬಕೀಟಿಗಿ ಕೈ ಅದಾವೇನು?"

ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದೆ. ಆ ಕಡೆ ನೀವು, ಈ ಕಡೆ ನಾನು. ಬಗ್ಗಿ ಹಿಡಿದು ಏಳುವಾಗ ತಲೆಯ ಸೆರಗು ಜಾರಿತು. ಎರಡೂ ಕೈ ಕಮೋಡಿನ ಕೆಳಗೆ, ಸರಿಪಡಿಸುವುದು ಹೇಗೆ? ನಿಮ್ಮ ಮುಖ ನನ್ನ ಮುಖದಿಂದ ಒಂದು ಮೊಳದಲ್ಲಿತ್ತು. ನಾಲ್ಕೂವರೆ ವರ್ಷ ಅನ್ನ ಬಡಿಸಿದ್ದೆ, ನಿಮ್ಮ ಕಣ್ಣು ಬೂದು ಬಣ್ಣದ್ದೆಂದು ಅಂದೇ ತಿಳಿದದ್ದು. ಎಡಹುಬ್ಬಿನ ಮೇಲೆ ಹಳೆಯದೊಂದು ಗಾಯದ ಗುರುತು. ಬೆಳಕಿಂಡಿಯಿಂದ ಬಿಸಿಲ ಕೋಲು ಇಳಿದಿತ್ತು, ನಿಮ್ಮ ಮೈಯಿಂದ ಎದ್ದ ಹಿಟ್ಟಿನ ಧೂಳು ಅದರಲ್ಲಿ ನಿಧಾನವಾಗಿ ತೇಲುತ್ತಿತ್ತು. ಹೊರಗಿನ ಸದ್ದೆಲ್ಲ ದೂರವಾಯಿತು. "ಹಗೂರ ಯವ್ವಾ, ಬೆರಳು ಜ್ವಾಕಿ" ಅಂದಿರಿ. ಬಕೀಟಿಗಲ್ಲ, ನನಗೆ. ಅದು ನಿಮಗೆ ಗೊತ್ತಾಯಿತೋ ಇಲ್ಲವೋ. ನನಗೆ ಅಳು ಬಂದಿತ್ತು. ಆ ವಾಸನೆಯಲ್ಲಿ, ಆ ಹೊಲಸಿನಲ್ಲಿ, ಕೈಯಲ್ಲಿ ಅಷ್ಟು ಭಾರ ಹಿಡಿದುಕೊಂಡು, ಮನೆಗೆ ಮಗಳಾಗಿ ಬಂದಂತೆ ಅನ್ನಿಸಿತ್ತು.

ಮಧ್ಯಾಹ್ನವೆಲ್ಲ ಕೆಲಸ ಸಾಗಿತು. ಒಡೆದ ಸಿಮೆಂಟನ್ನು ಪೈಪಿನ ಬಾಯಿಂದ ಕೈ ಹಾಕಿ ತೆಗೆದಿರಿ. ಸುತ್ತಲಿನ ಎರೆಮಣ್ಣನ್ನು ಒಂದು ಮೊಳ ಅಗೆದು ಮರಳು ತುಂಬಿದಿರಿ. ಪೇಟೆಯ ಬಣ್ಣದಂಗಡಿಯಲ್ಲಿ ಸಫೇದಾ ಸಿಕ್ಕಿತು, ಸಣಬು ಗಿರಣಿಯಲ್ಲೇ ಇತ್ತು. ನಾನು ಹೊಸ್ತಿಲ ಮೇಲೆ ಕೂತು ಗೋಣಿಚೀಲ ಬಿಚ್ಚಿ ಎಳೆ ಹೊಸೆದು ಕೊಟ್ಟೆ, ನೀವು ಸಫೇದಾ ಸವರಿ ಕೀಲಿಗೆ ಸುತ್ತಿ ತುಂಬಿದಿರಿ. "ಎಷ್ಟು ಬಿಗಿ?" ಎಂದು ನೀವು ಕೇಳಿದರೆ, "ಬೆರಳಿಲೆ ಒತ್ತಿದ್ರ ಹಿಂದ ಬರಬೇಕಂತದ" ಎಂದು ಬಕೀಟು ಹೇಳುತ್ತಿತ್ತು. ಸಫೇದಾ ಹದಕ್ಕೆ ಬರಲು ಒಂದು ದಿನ ಬಿಟ್ಟೆವು. ಮರುದಿನ ಬುಡದ ಸುತ್ತ ಒಣ ಸುಣ್ಣ ಉದುರಿಸಿ, ಬಟ್ಟೆಗೆ ಹಾಕುವ ನೀಲಿ ಕಲಸಿದ ನೀರನ್ನು ಬಕೀಟುಗಟ್ಟಲೆ ಸುರಿದೆ. ಸೋರಿದರೆ ಸುಣ್ಣ ನೀಲಿಯಾಗಬೇಕು. ಒಂದು, ಎರಡು, ಮೂರು, ನಾಲ್ಕು. ನೀವು ಕನ್ನಡಕ ಹಾಕಿಕೊಂಡು ನೆಲಕ್ಕೆ ಕೆನ್ನೆ ಹಚ್ಚಿ ನೋಡಿದಿರಿ. ಸುಣ್ಣ ಬೆಳ್ಳಗೇ ಇತ್ತು.

ಕೈ ತೊಳೆದು, ಮಿಂದು, ತಾಮ್ರದ ಚೊಂಬಿನ ತುಂಬ ಮಡಕೆಯ ನೀರು ತೆಗೆದುಕೊಂಡು ನೀವು ಅತ್ತೆಯ ಹಾಸಿಗೆಯ ಹತ್ತಿರ ಕೂತ ಗಳಿಗೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ನಾನು ಬಾಗಿಲ ಸಂದಿಯಲ್ಲಿದ್ದೆ.

"ಕುಡಿ" ಅಂದಿರಿ.

ಅತ್ತೆ ಕಣ್ಣು ತೆರೆದರು. "ಸೋರಂಗಿಲ್ಲೇನು?"

"ಇಲ್ಲ."

"ಯಾರು ಮಾಡಿದ್ರು?"

"ಬಕೀಟು."

ಅತ್ತೆ ಬಾಗಿಲ ಸಂದಿಯ ಕಡೆ ನೋಡಿದರು. ಒಡೆದ ತುಟಿ ನೋಯುತ್ತಿದ್ದರೂ ನಕ್ಕರು. ಆಮೇಲೆ ಚೊಂಬು ಎರಡೂ ಕೈಯಲ್ಲಿ ಹಿಡಿದು ಕುಡಿದರು, ಗಟಗಟ, ಉಸಿರು ಬಿಡದೆ, ಗದ್ದದಿಂದ ನೀರು ಸುರಿದು ಕುಪ್ಪಸವೆಲ್ಲ ತೊಯ್ದು… ಎಂಟು ದಿನದಲ್ಲಿ ಜ್ವರ ಇಳಿಯಿತು. ಮಳೆಗಾಲ ಬಂತು, ನೆಲ ಉಬ್ಬಿತು. ಮತ್ತೆ ಬೇಸಿಗೆ ಬಂತು, ಬಿರಿಯಿತು. ಆ ಕೀಲು ಇವತ್ತಿನ ತನಕ ಒಂದು ಹನಿ ಬಿಟ್ಟಿಲ್ಲ.

ನಾಲ್ಕು ವರ್ಷದ ಹಿಂದೆ, ನಿಮ್ಮ ಕೊನೆಯ ದಿನ, ರಾಯಚೂರಿನ ಆಸ್ಪತ್ರೆಯಲ್ಲಿ ನಿಮ್ಮ ಮಂಚದ ಪಕ್ಕದಲ್ಲಿ ನಾನೊಬ್ಬಳೇ ಇದ್ದೆ. ನಿಮ್ಮ ಮಗ ಔಷಧಿ ತರಲು ಹೋಗಿದ್ದರು. ಎಷ್ಟು ಸಣ್ಣಗಾಗಿದ್ದಿರಿ ಮಾವನವರೇ! ಕಮೋಡು ಎತ್ತಿದ ದಿನದ ನಂತರ ಮತ್ತೆ ನೀವು ಬೆಕ್ಕಿಗೆ, ನಾನು ಕಂಬಕ್ಕೆ. ಯವ್ವಾ ಎಂಬ ಮಾತು ಇನ್ನೊಮ್ಮೆ ಬರಲಿಲ್ಲ. ಅಂದು ನೀವು ಗೋಡೆಯ ಕಡೆ ತಿರುಗಿ, "ಗ್ವಾಡೀ, ಆಕಿಗಿ ಹೇಳು. ಮುದುಕಿ ಏನೂ ಬಾಯಿಬಿಟ್ಟು ಕೇಳಂಗಿಲ್ಲ. ಕೇಳದ ಮೊದಲ ಕೊಡಬೇಕು" ಅಂದಿರಿ. ನಾನು ತಲೆ ಮಾತ್ರ ಆಡಿಸಿದೆ. ನೀವು ಗೋಡೆ ನೋಡುತ್ತಿದ್ದಿರಿ. ನಿಮಗೆ ಅದು ಹೇಗೆ ಕಾಣಬೇಕು? ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ…

ಈಗ ಹೇಳುತ್ತೇನೆ. ಸುತ್ತು ಬಳಸಿದ್ದು ಸಾಕು. ನೀವು ಗಿರಣಿಗೆ ಬಂದವರ ಮುಂದೆಲ್ಲ ಹೇಳುತ್ತಿದ್ದಿರಂತೆ, "ನಮ್ಮ ಸೊಸಿ ತಲಿ ಭಾಳ ಚುರುಕು, ಡಾಕ್ಟರ್ ಬಂದು ಹೋದ ಮರುದಿನಾನ ಹೊಳೀತು ನೋಡು ಆಕಿಗಿ" ಎಂದು. ಅಂದು ಹೊಳೆದದ್ದಲ್ಲ, ಮಾವನವರೇ. ಸುಳ್ಳು ಹೇಳಿದ್ದೆ. ಮಾನ್ವಿಯ ಗೌಂಡಿ ಸಿಮೆಂಟು ತುಂಬಿದ ದಿನವೇ ನನಗೆ ಗೊತ್ತಿತ್ತು. ಯುಗಾದಿಯಿಂದ ಕಾರಹುಣ್ಣಿಮೆಯ ತನಕ, ನೀವು ಡಾಂಬರು ಕಾಯಿಸುವಾಗ, ಬೆಲ್ಲ ಕಲಸುವಾಗ, ಅತ್ತೆ ಕಣ್ಣೆದುರೇ ಒಣಗುವಾಗ, ಎಲ್ಲ ಗೊತ್ತಿದ್ದೂ ರೊಟ್ಟಿ ತಟ್ಟುತ್ತ ಕೂತಿದ್ದೆ. ಮಾವನ ಜೊತೆ ಮಾತಾಡಿದಳೆಂದು, ಅದೂ ಸಂಡಾಸದ ಮಾತಾಡಿದಳೆಂದು ಜನ ಅಂದಾರೆಂಬ ಹೆದರಿಕೆ. ಇನ್ನೆರಡು ದಿನ ತಡೆದಿದ್ದರೆ ಅತ್ತೆ ಹೋಗಿಬಿಡುತ್ತಿದ್ದರು. ಅದು ನೆನಪಾದರೆ ಈಗಲೂ ಬಾಯಿ ಒಣಗುತ್ತದೆ. ನೀವು ನನ್ನನ್ನು ಹೊಗಳಿದಾಗಲೆಲ್ಲ ಒಳಗೊಳಗೇ ಸುಟ್ಟುಕೊಂಡೆ.

ಹೋದ ವಾರ ನಿಮ್ಮ ಚಿಕ್ಕ ಮಗನ ಹೆಂಡತಿಯನ್ನು ಮನೆತುಂಬಿಸಿಕೊಂಡೆವು. ಯಾಪಲದಿನ್ನಿಯ ಹುಡುಗಿ, ಹತ್ತನೆಯ ತರಗತಿ ಓದಿದ್ದಾಳೆ, ನಗುಮುಖ. ಅತ್ತೆ ಅವಳನ್ನು ಅಡುಗೆಮನೆಗೆ ಕರೆದರು. ಕಂಬದ ಪಾಠ ಶುರುವಾಯಿತು ಅಂದುಕೊಂಡು ನಾನು ಒಲೆಯ ಕಡೆ ತಿರುಗಿದೆ. "ನೋಡವ್ವಾ, ಯಾರಿಗಿ ಏನು ಹೇಳೂದದ ಅವರ ಮುಖಾ ನೋಡಿ ಅವರಿಗೇ ಹೇಳು. ಈ ಮನ್ಯಾಗ ಹಿಂದ ಬ್ಯಾರೆ ರೂಢಿ ಇತ್ತು. ನಾ ತಗದು ಹಾಕೀನಿ" ಅಂದರು ಅತ್ತೆ. ಹುಡುಗಿ ಏನೂ ತಿಳಿಯದೆ ಹೂಂ ಎಂದು ಹೋದಳು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತ್ತು.

ಅವತ್ತು ಅತ್ತೆಯ ಕಾಲಬುಡದಲ್ಲಿ ಕೂತು ಎಲ್ಲ ಹೇಳಿಬಿಟ್ಟೆ, ಈಗ ನಿಮಗೆ ಬರೆದದ್ದನ್ನೇ. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಗೊತ್ತದ" ಅಂದರು. "ಆ ಶನಿವಾರ ನೀ ನನ್ನ ಮಗನ ಮುಂದ ಹೇಳಾಕತ್ತಿದ್ದು ಗ್ವಾಡಿ ಆಚಿಗಿ ಕೇಳಿಸಿತ್ತು. ಎತ್ತಬೇಕು, ಸಣಬು ತುಂಬಬೇಕು ಅಂತ."

"ಮತ್ತ ನೀವರ ಮಾವನೋರಿಗಿ ಯಾಕ ಹೇಳ್ಲಿಲ್ರಿ ಅತ್ತೀ?"

"ನಾ? ಸಂಡಾಸದ ಮಾತು, ಅವರ ಮುಂದ?" ಅತ್ತೆ ಒಂದು ಕಲ್ಲು ಆರಿಸಿ ಹೊರಗೆ ಎಸೆದರು. "ನಲವತ್ತು ವರ್ಷ ಬಾಳೇ ಮಾಡೀನಿ. ಹೊಟ್ಟಿ ನೂಯಾಕತ್ತದ ಅಂತ ಸೈತ ಒಂದ ದಿನಾ ಅವರಿಗಿ ಹೇಳಿದಾಕಿ ಅಲ್ಲ ನಾ. ಸತ್ತರ ಸಾಯ್ತೀನಿ, ಇದನ್ನ ಹ್ಯಾಂಗ ಹೇಳ್ಲಿ ಅಂತ ಹಲ್ಲು ಕಚಗೊಂಡು ಮಲಗಿದ್ದೆ." ಮೊರದ ಮೇಲಿನ ಕೈ ಈಗ ನಿಂತಿತು. "ಪಾಪ, ಮತ್ತ ಸಿಮೆಂಟ್ ಕಲಸಾಕತ್ತಿದ್ರು. ನಾ ಹಾಸಿಗ್ಯಾಗಿಂದ ನೋಡಕೋತ ಮಲಗಿದ್ದೆ. ನಿನಗ ಬರಿಯಾಕ ಬರ್ತದಲ್ಲ, ನಿಮ್ಮ ಮಾವಗ ಬರಿ. ನಿನಗಷ್ಟ ಅಲ್ಲ, ನನಗೂ ಗೊತ್ತಿತ್ತು ಅಂತ ಬರಿ."

ಬರೆದಿದ್ದೇನೆ, ಮಾವನವರೇ. ಅತ್ತೆ ಈಗ ನನ್ನ ಪಕ್ಕದಲ್ಲೇ ಕಾಲು ಚಾಚಿ ಕೂತಿದ್ದಾರೆ. ಓದಿ ಹೇಳು ಅಂದರು, ಮೊದಲಿನಿಂದ ಓದಿ ಹೇಳಿದೆ. ಇರುವೆಗಳ ಮಾತಿಗೆ ನಕ್ಕರು, ಆಸ್ಪತ್ರೆಯ ಮಾತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಗಿಯಿತಲ್ಲ, ಮಡಚಲೇನು ಅಂದೆ. ತಡಿ ಅಂದರು. ನಾಚಿಕೆಯಿಂದ ಮುಖ ಕೆಂಪಾಯಿತು, ಈ ವಯಸ್ಸಿನಲ್ಲಿ. ಆಮೇಲೆ ಕಾಗದದ ಕಡೆ ಬಗ್ಗಿ, ನೀವು ಅದರೊಳಗೇ ಇದ್ದೀರೇನೋ ಎಂಬಂತೆ, ನಿಧಾನವಾಗಿ ಹೇಳಿದರು:

"ಮೊಣಕಾಲು ಭಾಳ ನೂಯಾಕತ್ತದ ರೀ. ಹಗಲೂ ರಾತ್ರಿ ನೂಯ್ತದ."

ನಿಮ್ಮ ಹಿರಿಯ ಸೊಸೆ